ದೇವವ್ವನ ಹಾಸು

ಬಾಳವ್ವ ನೇಕಾರರ ಸೊಸಾಯಿಟಿ ಕಚೇರಿಯ ಹೊಸಿಲಲ್ಲಿ ಬಂದು ನಿಂತಾಗ ಅವಳ ಮೊಣಕೈವರೆಗೆ ಮೆತ್ತಿದ್ದ ಗಂಜಿ ಇನ್ನೂ ಆರಿರಲಿಲ್ಲ. ಸೆರಗಿನಿಂದ ಒರೆಸಿಕೊಳ್ಳುತ್ತ, ಒಳಗೆ ಬರಲೋ ಬೇಡವೋ ಎಂದು ಮೇಜಿನ ಹಿಂದೆ ಕೂತ ಉಡಚಪ್ಪನ ಮುಖ ನೋಡಿದಳು. ಉಡಚಪ್ಪ ತಲೆ ಎತ್ತಲಿಲ್ಲ. ಪಾಳಿ ಪುಸ್ತಕದ ಮೇಲೆ ರೂಲುಕಟ್ಟಿಗೆ ಇಟ್ಟು ಗೆರೆ ಎಳೆಯುತ್ತಿದ್ದ. ಗೆರೆ ಸೊಟ್ಟಗಾಗಬಾರದೆಂದು ಉಸಿರು ಬೇರೆ ಹಿಡಿದಿದ್ದ.

"ಇವತ್ತ ನಿನ್ನ ಪಾಳಿ ಇತ್ತೇನ, ಬಾಳವ್ವಾ?"

"ಇಲ್ಲಪಾ. ಮುದುಕವ್ವನ ಹಾಸಿನ ಎಳಿ ಹರೀಲಿಕ್ಕೆ ಹತ್ತಿದ್ವು. ನೀರು ತರಾಕ ಹೊಂಟಿದ್ದೆ, ಕಣ್ಣಿಗೆ ಬಿತ್ತು. ಕಂಡೂ ಕಾಣದಂಗ ಹ್ಯಾಂಗ ಹೋಗ್ಲಿ?"

"ನಿನ್ನ ಮಗ್ಗ?"

"ತಾಸೊತ್ತು ನಿಂತಿದ್ದೀತು. ಏನಾತ ಈಗ?"

ಏನಾಯಿತೆಂದು ಉಡಚಪ್ಪ ಬಾಯಿಂದ ಹೇಳಲಿಲ್ಲ, ಬರೆದ. ಬರೆದು ಮುಗಿಸಿ ಓದಿದ: ಪಾಳಿ ಇಲ್ಲದೆ ಬೇರೆಯವರ ಹಾಸಿನ ಕೆಲಸಕ್ಕೆ ಹೋಗಿ ತನ್ನ ಮಗ್ಗ ನಿಲ್ಲಿಸಿದ್ದಕ್ಕೆ ಬಾಳವ್ವನಿಗೆ ಒಂದು ವಾರ ನೂಲು ಬಂದ್. ಬಾಳವ್ವ ನಕ್ಕುಬಿಟ್ಟಳು. ನಗದೆ ಏನು ಮಾಡಿಯಾಳು? ಈ ಉಡಚಪ್ಪನನ್ನು ಹುಟ್ಟಿದ ಹನ್ನೊಂದನೆಯ ದಿನದಿಂದ ಕಾಲ ಮೇಲೆ ಹಾಕಿಕೊಂಡು ಬಿಸಿನೀರು ಎರೆದವಳು ಅವಳೇ. "ಸಾಕ ಮಾಡೋ ನಿನ್ನ ಚಾಷ್ಟಿ," ಎಂದಳು. ಉಡಚಪ್ಪ ನಗಲಿಲ್ಲ. ಸ್ವಲ್ಪ ಹೊತ್ತಿಗೆ ಬಾಳವ್ವನ ನಗುವೂ ನಿಂತಿತು. ಮೆಟ್ಟಿಲಿಳಿದು ಹೋದಳು.

ಸುಳ್ಳು ಯಾಕೆ ಹೇಳಬೇಕು, ಬರೆದದ್ದನ್ನು ಹೊಡೆದುಹಾಕಿಬಿಡಲೇ ಎಂದು ಉಡಚಪ್ಪನಿಗೆ ಒಮ್ಮೆ ಅನಿಸಿತು. ಆದರೆ ಅದರ ಬೆನ್ನಿಗೇ ಒಂದು ಹೆಮ್ಮೆಯೂ ಬಂತು. ಮೊದಲ ಸಲ ಅವನು ಮ್ಯಾನೇಜರನ ಕೆಲಸ ಮಾಡಿದ್ದ.

ಗಜೇಂದ್ರಗಡದ ಕೆಳಗಿನ ಓಣಿಯಲ್ಲಿ ಹಾಸು ಎಂದರೆ ಒಂದು ಮನೆಯ ಕೆಲಸವಲ್ಲ. ಸೀರೆಯ ಉದ್ದಕ್ಕೆ ಹಾಯುವ ಸಾವಿರಾರು ಎಳೆಗಳನ್ನು ಸೂರ್ಯ ಹುಟ್ಟುವ ಮೊದಲೇ ಬೀದಿಯುದ್ದಕ್ಕೂ ಎಳೆದು ಕಟ್ಟಬೇಕು. ಗಂಜಿ ಹಚ್ಚಬೇಕು. ಇಬ್ಬರು ಎರಡು ಮಗ್ಗುಲಿಗೆ ನಿಂತು, ಹೆಜ್ಜೆಗೆ ಹೆಜ್ಜೆ ಕೂಡಿಸುತ್ತ, ದೊಡ್ಡ ಕುಂಚದಿಂದ ತಿಕ್ಕಿಕೊಂಡು ಹೋಗಬೇಕು. ಅವರ ಹಿಂದೆ ಉಳಿದವರು ಅಂಟಿದ ಎಳೆ ಬಿಡಿಸುತ್ತ, ಹರಿದ ಎಳೆಗೆ ಗಂಟು ಹಾಕುತ್ತ ನಡೆಯಬೇಕು. ಬಿಸಿಲೇರುವುದರೊಳಗೆ ಇದೆಲ್ಲ ಮುಗಿಯಬೇಕು. ಎಳೆ ಬಿಡಿಸುವ ಮೊದಲೇ ಗಂಜಿ ಆರಿದರೆ ಅಷ್ಟೂ ನೂಲು ಒಂದಕ್ಕೊಂದು ಅಂಟಿ ಕೂತುಬಿಡುತ್ತದೆ. ಅದನ್ನು ಹಾಸು ಸತ್ತಿತು ಎನ್ನುತ್ತಾರೆ. ಅಂದ ಮೇಲೆ ಮುಗಿಯಿತು, ಅದನ್ನು ಮಗ್ಗಕ್ಕೆ ಏರಿಸುವ ಮಾತೇ ಇಲ್ಲ.

ಹೀಗಾಗಿ ಯಾರ ಹಾಸಾದರೂ ಓಣಿಯೆಲ್ಲ ಬರುತ್ತಿತ್ತು. ಕರೆಯುವ ಕೆಲಸ ತೋಟಪ್ಪನದು. ತೋಟಪ್ಪ ಉಡಚಪ್ಪನ ಸೋದರಮಾವ. ಅರವತ್ತು ದಾಟಿದರೂ ಗಂಟಲು ಗಟ್ಟಿ. ನಸುಕಿನಲ್ಲಿ ಓಣಿಯ ಈ ತುದಿಯಿಂದ ಆ ತುದಿಗೆ "ಹಾಸು ಬಿಚ್ಚೇತಿ, ಬರ್ರೆವ್ವಾ! ಬರ್ರೆಪ್ಪಾ!" ಎಂದು ಒಂದು ಸಲ ಕೂಗಿದನೆಂದರೆ, ಮುಖ ತೊಳೆಯದವರು, ತಲೆ ಬಾಚದವರು, ನಿನ್ನೆ ಸಂಜೆ ನಲ್ಲಿಯ ಹತ್ತಿರ ಕೂದಲು ಹಿಡಿದು ಜಗಳಾಡಿದವರು, ಎಲ್ಲರೂ ಬಂದು ನಿಲ್ಲುತ್ತಿದ್ದರು. ಕೆಲಸ ಮುಗಿದ ಮೇಲೆ ಹಾಸಿನವರು ಒಂದು ಬುಟ್ಟಿ ಚುರುಮುರಿ ಹಂಚುತ್ತಿದ್ದರು. ಎಂಟು ಜನರ ಕೆಲಸಕ್ಕೆ ಮೂವತ್ತು ಜನ! ಹರಟೆ, ನಗೆ, ಬೈದಾಟ. ಮಗ್ಗಗಳು ಸದ್ದು ಮಾಡತೊಡಗುವಾಗ ಹೊತ್ತು ಮಾರು ಮೇಲೇರಿರುತ್ತಿತ್ತು.

ಸ್ವಾತಂತ್ರ್ಯ ಬಂದು ಏಳು ವರ್ಷವಾಗಿತ್ತು. ಓಣಿಯ ನೇಕಾರರೆಲ್ಲ ಸೇರಿ ಸೊಸಾಯಿಟಿ ಮಾಡಿಕೊಂಡಿದ್ದರು. ನೂಲು ಪರ್ಮಿಟ್ಟಿನ ಮೇಲೆ ಬರುತ್ತಿತ್ತು; ಸೊಸಾಯಿಟಿ ಕೊಟ್ಟರುಂಟು, ಇಲ್ಲದಿದ್ದರೆ ಇಲ್ಲ. ಅಧ್ಯಕ್ಷರು ಬಜಾರಿನ ಅರಿವೆ ಅಂಗಡಿಯ ಪ್ರಭುಲಿಂಗಪ್ಪನವರು. ಓಣಿಯಲ್ಲಿ ಏಳನೆಯ ಇಯತ್ತೆ ಪಾಸಾದವನು ಉಡಚಪ್ಪನೊಬ್ಬನೇ ಆದ್ದರಿಂದ ಅವನನ್ನೇ ಮ್ಯಾನೇಜರ್ ಮಾಡಿ, ಮೂರು ತಿಂಗಳ ತರಬೇತಿಗೆಂದು ಪುಣೆಗೆ ಕಳಿಸಿದರು. ಅಲ್ಲಿ ಕೋಟು ಹಾಕಿದ ಸಾಹೇಬನೊಬ್ಬ ಕರಿಹಲಗೆಯ ಮೇಲೆ ಗೆರೆ ಎಳೆದು ಎಳೆದು ಒಂದೇ ಮಾತು ಹೇಳಿದ್ದ: ಮುಂದಾಳಾದವನು ಕೆಲಸ ಮಾಡಿಸಬೇಕು, ತಾನು ಮಾಡಬಾರದು, ಒಂದು ಸಲ ಕೆಲಸಕ್ಕೆ ಕೈ ಹಚ್ಚಿದನೋ, ಅವನು ಮತ್ತೆ ಆಳುಗಳಲ್ಲಿ ಒಬ್ಬ. ಆ ಮಾತು ಉಡಚಪ್ಪನ ತಲೆಯಲ್ಲಿ ಮೊಳೆ ಹೊಡೆದಂತೆ ಕೂತಿತ್ತು.

ಬಂದವನೇ ಪಾಳಿ ಹಚ್ಚಿದ. ಒಂದು ಹಾಸಿನ ಕೆಲಸಕ್ಕೆ ಎಂಟೇ ಜನ, ಅವರ ಹೆಸರು ಪುಸ್ತಕದಲ್ಲಿ. ಉಳಿದವರು ತಮ್ಮ ತಮ್ಮ ಮಗ್ಗದಲ್ಲಿ. ಪಾಳಿ ಇದ್ದೂ ಬಾರದಿದ್ದರೆ ತಪ್ಪು. ಪಾಳಿ ಇಲ್ಲದೆ ಬಂದರೂ ತಪ್ಪು. ಇನ್ನೊಂದು ನಿಯಮ ಎಲ್ಲಕ್ಕಿಂತ ಬಿರುಸಿನದು: ಯಾರ ಹಾಸು ಸಾಯುತ್ತದೋ ಅವರಿಗೆ ಆರು ತಿಂಗಳು ನೂಲಿಲ್ಲ.

"ಮಾವಾ, ಇನ್ನ ಮ್ಯಾಲೆ ನೀ ಕೂಗೂದ ಬ್ಯಾಡ," ಎಂದು ತೋಟಪ್ಪನಿಗೂ ಹೇಳಿದ.

"ಕೂಗಲಿಲ್ಲಂದ್ರ ಮಂದಿಗೆ ಹ್ಯಾಂಗ ಗೊತ್ತಾಗ್ತೈತೋ?"

"ಗೋಡಿಗೆ ಚೀಟಿ ಹಚ್ಚತೀನಿ."

"ಓದಾಕ ಯಾರಿಗೆ ಬರತೈತಿ?" ಎಂದು ತೋಟಪ್ಪ ಗೊಣಗಿದನಾದರೂ ಹೆಚ್ಚಿಗೆ ವಾದಿಸಲಿಲ್ಲ. ಅಳಿಯ ಕಲಿತು ಬಂದವನು.

ಪಾಳಿ ಫಲ ಕೊಡಲಿಲ್ಲ ಎನ್ನುವಂತಿರಲಿಲ್ಲ. ಎರಡೇ ತಿಂಗಳಲ್ಲಿ ಸೀರೆಗಳು ಮೊದಲಿಗಿಂತ ಒಂದೂವರೆ ಪಟ್ಟಾದವು. ಧಾರವಾಡದಿಂದ ಸಹಕಾರಿ ಖಾತೆಯ ಸಾಹೇಬರು ಬಂದು ಪುಸ್ತಕ ತಿರುವಿ ನೋಡಿ ಉಡಚಪ್ಪನ ಬೆನ್ನು ತಟ್ಟಿದರು. ಬಾಳವ್ವನಿಗೆ ನೂಲು ನಿಂತ ಮೇಲಂತೂ ಎಲ್ಲರೂ ತಮ್ಮ ತಮ್ಮ ಪಾಳಿ ನೋಡಿಕೊಂಡು ಬರುವುದು, ಮುಗಿಸಿ ಹೋಗುವುದು, ಅಷ್ಟೇ. ಬೀದಿಯಲ್ಲಿ ಹರಟೆ ಇರಲಿಲ್ಲ. ಚುರುಮುರಿ ಹಂಚುವುದನ್ನೂ ಯಾರೋ ಬಿಟ್ಟರು, ಅವರನ್ನು ನೋಡಿ ಉಳಿದವರೂ ಬಿಟ್ಟರು. ಇದು ಶಿಸ್ತು ಎಂದುಕೊಂಡ ಉಡಚಪ್ಪ.

ಅವನ ಅಕ್ಕ ದೇವವ್ವನೊಬ್ಬಳು ಮಾತ್ರ ಒಂದು ದಿನ ತನ್ನ ಮನೆಯಲ್ಲಿ ಅವನಿಗೆ ಊಟಕ್ಕೆ ಬಡಿಸುತ್ತ, "ಓಣಿ ಯಾಕೋ ಸುಮ್ಮಗಾಗೇತೋ ತಮ್ಮಾ. ನನಗ ಸೇರವಲ್ದು," ಎಂದಿದ್ದಳು. ತಾಯಿ ಸತ್ತಾಗ ಉಡಚಪ್ಪ ನಾಲ್ಕು ವರ್ಷದವನು, ದೇವವ್ವ ಹದಿನಾಲ್ಕು. ಅವನಿಗೆ ಉಣ್ಣಲು ಕಲಿಸಿದವಳು, ಲಾಳಿ ಒಗೆಯಲು ಕಲಿಸಿದವಳು, ತನ್ನ ಮಗ್ಗದ ಮೇಲೆ ನೆಯ್ದು ಅವನನ್ನು ಸಾಲಿಗೆ ಕಳಿಸಿದವಳು ಅವಳೇ. ಗಂಡ ತೀರಿಕೊಂಡು ಆರು ವರ್ಷ. ಮಕ್ಕಳಿಲ್ಲ. ಆ ಮಗ್ಗ ಒಂದೇ ಅವಳ ಜೀವನಕ್ಕೆ ದಾರಿ. ತಮ್ಮನ ಮನೆಯಲ್ಲಿ ಹಬ್ಬಕ್ಕೆ ಉಣ್ಣುತ್ತಿದ್ದಳೇ ಹೊರತು ಒಂದು ಸೇರು ಜೋಳಕ್ಕೂ ಕೈ ಚಾಚಿದವಳಲ್ಲ.

ಯುಗಾದಿ ಮುಗಿದು ತಿಂಗಳಾದ ಮೇಲೆ ದೇವವ್ವನ ಹಾಸು ಬಂತು. ನಸುಕಿನಲ್ಲಿ ಗಾಳಿಯೇ ಇರಲಿಲ್ಲ. ಬೀದಿಯಲ್ಲಿ ಬಿಳಿಯ ಎಳೆಗಳು ನೀರಿನಂತೆ ಹರವಿಕೊಂಡಿದ್ದವು. ಎಂಟು ಜನರ ಪಾಳಿಯಲ್ಲಿ ಬಂದವರು ದೇವವ್ವನೂ ಸೇರಿ ಐವರೇ. ಒಬ್ಬ ಸಾಕ್ಷಿ ಹೇಳಲು ರೋಣದ ಕಚೇರಿಗೆ ಹೋಗಿದ್ದ, ಒಬ್ಬಳು ಮಗಳ ಬಾಣಂತನಕ್ಕೆ ಹೋಗಿದ್ದಳು, ರಮಜಾನಸಾಬನಿಗೆ ಜ್ವರ. "ಐದು ಮಂದಿ ಆದ್ರೂ ಆಗ್ತೈತಿ ಬಿಡು, ಗಾಳಿ ಇಲ್ಲ," ಎಂದಳು ದೇವವ್ವ. ಗಂಜಿ ಹಚ್ಚಿದರು. ಉಡಚಪ್ಪ ಪಕ್ಕದ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದ. ಯಾವ ಹಾಸಿದ್ದರೂ ಅವನು ನಿಲ್ಲುವುದು ಅಲ್ಲಿಯೇ.

ಕುಂಚ ಅರ್ಧ ದಾರಿಗೆ ಬಂದಿತ್ತು. ಆಗ ಗುಡ್ಡದ ಕಡೆಯಿಂದ ಗಾಳಿ ಬಿಟ್ಟಿತು. ಸುಮ್ಮನೆ ತಂಪಾಗಿ ಬೀಸುವ ಗಾಳಿಯಲ್ಲ. ಬಿಸಿಯಾದ, ಒಣ, ಧೂಳು ಹೊತ್ತು ತಂದ ಗಾಳಿ. ಹುಣಸೆಯ ಎಲೆಯ ಚೂರು ಹಸಿ ಗಂಜಿಯ ಮೇಲೆ ಬಂದು ಕೂತವು. ಎಳೆಗಳು ಒಂದರ ಮೇಲೊಂದು ಹೊರಳಿದವು. ಟಪ್ ಎಂದು ಒಂದು ಹರಿಯಿತು. ಅದನ್ನು ಕೂಡಿಸುವುದರೊಳಗೆ ಆ ಕಡೆ ನಾಲ್ಕು ಹರಿದವು. ಐದು ಜೊತೆ ಕೈ ಎಲ್ಲಿಗೆಂದು ಓಡಬೇಕು? ದೇವವ್ವ ಅಂಟಿದ ಎಳೆಗಳ ನಡುವೆ ಬೆರಳು ತೂರಿಸಿ ಬಿಡಿಸುತ್ತ ಬಿಡಿಸುತ್ತ ಒಮ್ಮೆ ತಲೆ ಎತ್ತಿದಳು.

"ಉಡಚಾ, ನೀ ಇತ್ಲಾಗ ಬಾ. ಕುಂಚ ಹಿಡಿ."

ಅವನ ಕೈ ತಾನಾಗಿಯೇ ಮುಂದೆ ಬಂತು. ಓಣಿಯಲ್ಲಿ ಅವನಷ್ಟು ಹದವಾಗಿ ಕುಂಚ ಎಳೆಯುವವರು ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಕಟ್ಟೆಯಿಂದ ಒಂದು ಕಾಲು ಇಳಿಸಿಯೂ ಇಳಿಸಿದ. ಅಷ್ಟರಲ್ಲಿ ಆ ಐವರೂ ತನ್ನನ್ನೇ ನೋಡುತ್ತಿರುವುದು ಕಂಡಿತು. ಇಂದು ಇಳಿದರೆ ನಾಳೆ ಇವರು ನನ್ನ ಮಾತು ಕೇಳುತ್ತಾರೆಯೇ? ಅಕ್ಕನ ಹಾಸೆಂದು ಇಳಿದ, ನಮ್ಮ ಹಾಸೆಂದರೆ ಇಳಿಯಲಿಲ್ಲ ಎನ್ನುವುದಿಲ್ಲವೇ? ಇಳಿಸಿದ ಕಾಲನ್ನು ಮೇಲೆಳೆದುಕೊಂಡ.

"ತಡಿ, ಮಂದೀನ್ನ ಕರಕೊಂಡು ಬರ್ತೀನಿ," ಎಂದು ಓಡಿದ.

ತೋಟಪ್ಪನ ಬಾಗಿಲು ಬಡಿದ. "ಮಾವಾ, ಲಗೂ ಕೂಗು. ಅಕ್ಕನ ಹಾಸು ಸಾಯಾಕ ಹತ್ತೈತಿ!"

ತೋಟಪ್ಪ ಅವನ ಮುಖವನ್ನೊಮ್ಮೆ ನೋಡಿದ. ಬರಿಗಾಲಲ್ಲಿ ಬೀದಿಗಿಳಿದು ಎದೆ ತುಂಬ ಉಸಿರು ತೆಗೆದುಕೊಂಡು ಕೂಗಿದ. ಆ ಗಾಳಿಯಲ್ಲೂ ಕೂಗು ಓಣಿಯ ಕೊನೆಯ ಮನೆಗೆ ಮುಟ್ಟಿತು. ಬಾಗಿಲುಗಳು ತೆರೆದವು. ಹೆಂಗಸರು ಗಂಡಸರು ಎಲ್ಲ ಬಾಗಿಲಿಗೆ ಬಂದು ನಿಂತರು. ಹೊಸಿಲು ಮಾತ್ರ ಯಾರೂ ದಾಟಲಿಲ್ಲ. ತೋಟಪ್ಪ ಮತ್ತೊಮ್ಮೆ ಕೂಗಿದ. ಜನ ಅವನನ್ನು ನೋಡಿದರು, ಹಿಂದೆ ನಿಂತಿದ್ದ ಉಡಚಪ್ಪನನ್ನು ನೋಡಿದರು.

"ನಮ್ಮ ಪಾಳಿ ಅಲ್ರಿ, ಮ್ಯಾನೇಜರ್ರ," ಎಂದ ಒಬ್ಬ.

"ಪಾಳಿ ಸುಡ್ರಿ! ಬರ್ರಿ, ನಾ ಹೇಳ್ತೀನಲಾ!"

"ಈಗ ಹೇಳ್ತೀರಿ. ನಾಳಿಗೆ ಪುಸ್ತಕದಾಗ ಬ್ಯಾರೆ ಇರತೈತಿ," ಎಂದಳು ಬಾಳವ್ವ. ಅವಳ ದನಿಯಲ್ಲಿ ಕೊಂಕಿರಲಿಲ್ಲ. ಅಂಜಿಕೆ ಇತ್ತು. "ಒಂದ ವಾರ ನೂಲಿಲ್ದ ನಮ್ಮ ಮನ್ಯಾಗ ಏನಾತು ಅನ್ನೂದು ನಂಗ ಗೊತ್ತೈತಿ. ನಾ ಬರೂದಿಲ್ಲ ಅನ್ನಾಂಗಿಲ್ಲ ತಮ್ಮಾ, ದೇವವ್ವ ನನಗೇನ ಹೊರಗಿನಾಕಿ ಅಲ್ಲ. ನನ್ನ ಹೆಸರ ಬರದ ಕೊಡು, ಬರ್ತೀನಿ."

"ಹೌದ ನೋಡ್ರಿ, ಬರದ ಕೊಡ್ರಿ," ಎಂದರು ಎದುರು ಮನೆಯವರು. ನಾಲ್ಕಾರು ಬಾಗಿಲುಗಳಿಂದ ಅದೇ ಮಾತು ಬಂತು.

ಆಗಲಾದರೂ ತಿರುಗಿ ಓಡಿ ಕುಂಚ ಹಿಡಿದಿದ್ದರೆ! ಹಿಡಿಯಲಿಲ್ಲ, ಪುಣ್ಯಾತ್ಮ. ಪುಸ್ತಕ ತರಲು ಕಚೇರಿಗೆ ಓಡಿದ. ಉಡದಾರಕ್ಕೆ ಕಟ್ಟಿದ ಕೀಲಿಕೈ ಅವಸರದಲ್ಲಿ ಬಿಚ್ಚಲೊಲ್ಲದು, ಹರಿದೇ ತೆಗೆದ. ಪುಸ್ತಕ ಕಂಕುಳಲ್ಲಿಟ್ಟುಕೊಂಡು ಬಂದು, ಬಾಳವ್ವನ ಬಾಗಿಲಿನಿಂದ ಶುರು ಮಾಡಿ ಒಬ್ಬೊಬ್ಬರ ಹೆಸರು ಬರೆದ. ಗಾಳಿಗೆ ಹಾಳೆ ಹಾರುತ್ತಿತ್ತು. ಒಬ್ಬೊಬ್ಬರೂ ತಮ್ಮ ಹೆಸರು ಬಿದ್ದದ್ದು ಕಣ್ಣಾರೆ ಕಂಡು, ಓದಲು ಬಾರದಿದ್ದರೂ ಕಂಡು, ಆಮೇಲೆ ಓಡಿದರು. ಹನ್ನೆರಡನೆಯ ಹೆಸರು ಬರೆದು ತಲೆ ಎತ್ತಿದಾಗ ಬೀದಿಯ ಆ ತುದಿಯಲ್ಲಿ ಎಲ್ಲರೂ ಗುಂಪಾಗಿ ನಿಂತಿದ್ದು ಕಂಡಿತು. ಯಾರ ಕೈಯೂ ಆಡುತ್ತಿರಲಿಲ್ಲ.

ಹತ್ತಿರ ಹೋಗಿ ನೋಡಿದ. ಹಾಸು ತಗಡಿನಂತೆ ಸೆಟೆದಿತ್ತು. ಬಾಳವ್ವ ಎರಡು ಎಳೆ ಬಿಡಿಸಲು ನೋಡಿದಳು, ಹತ್ತು ಹರಿದವು. ಕೈ ಬಿಟ್ಟು ಸೆರಗು ಬಾಯಿಗೆ ಒತ್ತಿಕೊಂಡಳು. ದೇವವ್ವ ಅಳಲಿಲ್ಲ. ಉಗುರಿನ ಸಂದಿಯಿಂದ ರಕ್ತ ಬರುತ್ತಿದ್ದ ಬೆರಳುಗಳನ್ನು ಸೀರೆಗೆ ಒರೆಸಿಕೊಂಡು, "ಹೋಗ್ರೆವ್ವಾ, ನಿಮ್ಮ ನಿಮ್ಮ ಮಗ್ಗ ನಿಂತಾವು," ಎಂದಳು.

ನಾಲ್ಕನೆಯ ದಿನ ಕಮಿಟಿ ಕೂಡಿತು. ಪ್ರಭುಲಿಂಗಪ್ಪನವರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ನಿಧಾನವಾಗಿ ಮಾತಾಡಿದರು. "ನೋಡ್ರಿ ಉಡಚಪ್ಪ, ನಿಮ್ಮಕ್ಕಾರು ಅಂತ ನನಗೂ ಸಂಕಟ ಐತಿ. ಆದ್ರ ನಿಯಮ ಮಾಡಿದವ್ರು ನೀವು. ಬಾಳವ್ವಗ ಒಂದು, ಅಕ್ಕಗ ಒಂದು ಅಂದ್ರ ನಾಳೆ ನಿಮ್ಮ ಮಾತಿಗೆ ಮೂರು ಕಾಸಿನ ಕಿಮ್ಮತ್ತು ಇರೂದಿಲ್ಲ."

ದೇವವ್ವ ಗೋಡೆಗೆ ಆತು ಕೂತಿದ್ದಳು. ಉಡಚಪ್ಪನ ಗಂಟಲಿಗೆ ಮಾತು ಬಂದಿತ್ತು. ತಪ್ಪು ಅವಳದಲ್ಲ, ಕುಂಚ ಹಿಡಿ ಎಂದಾಗ ನಾನು ಹಿಡಿಯಲಿಲ್ಲ. ಇಷ್ಟೇ ಮಾತು. ಇದನ್ನು ಅಂದುಬಿಟ್ಟರೆ ಅಕ್ಕನ ಮಗ್ಗ ಉಳಿಯುತ್ತಿತ್ತು. ಅವನ ಮ್ಯಾನೇಜರಿಕೆ ಉಳಿಯುತ್ತಿತ್ತೋ ಇಲ್ಲವೋ. ಅವನು ಅಕ್ಕನ ಕಡೆ ನೋಡಿದ. ಅವಳು ನೋಡಬಾರದಿತ್ತು, ಅವಳೂ ನೋಡಿದಳು. ತಮ್ಮನ ಮುಖದಲ್ಲಿದ್ದುದನ್ನೆಲ್ಲ ಓದಿಕೊಂಡವಳಂತೆ ತಾನೇ ಬಾಯಿ ಬಿಟ್ಟಳು.

"ಅಂವ ಏನ ಮಾಡ್ಯಾನು? ಹಾಸು ನಂದು. ನನ್ನ ಕೈಯಾಗ ಸತ್ತೈತಿ. ಬರಕೋರಿ."

ಉಡಚಪ್ಪ ಬರೆದುಕೊಂಡ. ಅವಳು ಎದ್ದು ಬಂದು ಹೆಬ್ಬೆಟ್ಟು ಒತ್ತಿದಳು. ಮಸಿ ಉಗುರಿನ ಗಾಯಕ್ಕೆ ತಾಗಿ ಉರಿದಿರಬೇಕು, ಒಮ್ಮೆ ಕೈ ಝಾಡಿಸಿದಳು. ಅಷ್ಟೇ.

ಸ್ವಂತ ಅಕ್ಕನನ್ನೂ ಬಿಡದ ಮ್ಯಾನೇಜರ್ ಎಂಬ ಸುದ್ದಿ ಧಾರವಾಡಕ್ಕೆ ಹೋಗುವುದು ತಡವಾಗಲಿಲ್ಲ. ಸಾಹೇಬರಿಂದ ಪತ್ರ ಬಂತು. ರೋಣ, ನರಗುಂದ, ಗಜೇಂದ್ರಗಡ ಮೂರೂ ಕಡೆಯ ಸೊಸಾಯಿಟಿಗಳ ಮ್ಯಾನೇಜರರು ರೋಣದಲ್ಲಿ ಕೂಡುವವರಿದ್ದರು. ಜನರು ತಮ್ಮ ಕೆಲಸವೆಂದು ಮನಸ್ಸಿಟ್ಟು ದುಡಿಯುವ ಹಾಗೆ ಮಾಡುವುದು ಹೇಗೆ, ಮುಂದಾಳಾದವನು ಹೇಗಿರಬೇಕು ಎಂಬುದನ್ನು ಉಡಚಪ್ಪನವರು ಅಲ್ಲಿ ನಾಲ್ಕು ಮಾತಿನಲ್ಲಿ ತಿಳಿಸಿಕೊಡಬೇಕಂತೆ. ಪ್ರಭುಲಿಂಗಪ್ಪನವರು ಸಾಲಿಯ ಗುರುರಾಜ ಮಾಸ್ತರರಿಂದ ಎರಡು ಹಾಳೆ ಭಾಷಣ ಬರೆಸಿ ಕೊಟ್ಟರು. ಮಾಸ್ತರರ ಅಕ್ಷರ ಮುತ್ತು ಪೋಣಿಸಿದಂತಿತ್ತು.

ಸಭೆಯ ದಿನ ಬೆಳಿಗ್ಗೆ ಬಸ್ಸಿನಲ್ಲಿ ಕೂತು ಉಡಚಪ್ಪ ಆ ಹಾಳೆಗಳನ್ನು ತುಟಿ ಆಡಿಸುತ್ತ ಓದುತ್ತಿದ್ದ. ಸ್ಟ್ಯಾಂಡಿನ ತುಂಬ ಗದ್ದಲ. ಯಾರೋ ಗಂಟು ಹೊತ್ತುಕೊಂಡು ಬಂದು ಪಕ್ಕದಲ್ಲಿ ಕೂತರು. ತಿರುಗಿ ನೋಡಿದರೆ ದೇವವ್ವ.

"ಅಕ್ಕಾ! ನೀ ಎಲ್ಲಿಗೆ?"

"ಹೊಳೆಆಲೂರಿಗೆ. ಅಲ್ಲಿ ಟೇಶನ್ ಹತ್ರ ಹತ್ತಿ ಬೀಜ ಬಿಡಸೂ ಜಿನ್ನಿನಾಗ ಹೆಣ್ಣಾಳು ತಗೋತಾರಂತ. ನನ್ನ ಗಂಡನ ಪೈಕಿ ಒಬ್ರ ಮನಿ ಐತಿ, ಇರಾಕ ಅಡ್ಡಿಲ್ಲ."

"ನನಗ ಒಂದ ಮಾತ ಹೇಳಲಿಲ್ಲಲ್ಲ!"

"ಹೇಳಿದ್ರ ಬ್ಯಾಡ ಅಂತಿದ್ದಿ. ಇಲ್ಲೇ ಇರು, ನಾ ಹಾಕ್ತೀನಿ ಅಂತಿದ್ದಿ. ಆರು ತಿಂಗಳ ನಿನ್ನ ಹೇಣ್ತಿ ಮುಂದ ತಾಟು ಹಿಡಿಯಾಕ ನನ್ನಿಂದ ಆಗೂದಿಲ್ಲೋ."

ಬಸ್ಸು ಹೊರಟಿತು. ಉಡಚಪ್ಪನಿಗೆ ಅಳು ಬಂತು. ತುಂಬಿದ ಬಸ್ಸಿನಲ್ಲಿ ಮ್ಯಾನೇಜರನಾದವನು ಅಳುವುದು ಹೇಗೆ? ಕಿಟಕಿಯ ಕಡೆ ಮುಖ ಮಾಡಿದ. ಕರಿಮಣ್ಣಿನ ಹೊಲಗಳು ಹಿಂದೆ ಹಿಂದೆ ಹೋಗುತ್ತಿದ್ದವು. ಅಕ್ಕನ ಬೆರಳುಗಳಿಗೆ ಅರಿವೆಯ ಚೂರು ಸುತ್ತಿತ್ತು. ಗಾಯ ಇನ್ನೂ ಮಾಯ್ದಿರಲಿಲ್ಲ. ಆ ಕೈ ಹತ್ತಿಯ ಸಿಪ್ಪೆ ಹೇಗೆ ಆರಿಸೀತು?

"ಮುಂಜಾನೆ ಏನರ ತಿಂದೀ?" ದೇವವ್ವ ಕೇಳಿದಳು.

"ಹ್ಞೂ."

"ಹೊಟ್ಟಿ ಹಸದದ್ದು ಮುಖದ ಮ್ಯಾಲೆ ಕಾಣತೈತಿ. ನನ್ನ ಮುಂದ ಸುಳ್ಳ ಹೇಳ್ತಿ?"

ಗಂಟು ಬಿಚ್ಚಿದಳು. ಎರಡು ಜೋಳದ ರೊಟ್ಟಿ ಇದ್ದವು. ಒಂದರ ಮೇಲೆ ಎಣ್ಣೆ ಹಾಕಿ ಕಲಸಿದ ಶೇಂಗಾ ಚಟ್ನಿ ಹಚ್ಚಿ ಮಡಚಿದಳು. ಕಟ್ಟಿ ಕೊಡಲು ಏನಾದರೂ ಸಿಗುತ್ತದೆಯೇ ಎಂದು ಆಚೆ ಈಚೆ ನೋಡಿದಳು. ಅವನ ಕೈಯಲ್ಲಿದ್ದ ಹಾಳೆಗಳು ಕಣ್ಣಿಗೆ ಬಿದ್ದವು.

"ಈ ಕಾಗದ ಬೇಕಾಗಿದ್ದೇನ?"

ಉಡಚಪ್ಪ ಹಾಳೆ ನೋಡಿದ. ಮಾಸ್ತರರ ಮುತ್ತಿನಂಥ ಅಕ್ಷರ. ಅಕ್ಕನ ಮುಖ ನೋಡಿದ. ಅವಳಿಗೆ ಓದಲು ಬರುತ್ತಿರಲಿಲ್ಲ.

"ಬ್ಯಾಡಕ್ಕಾ," ಎಂದ.

ಅವಳು ಎರಡೂ ಹಾಳೆ ಕೂಡಿಸಿ, ಮೂಲೆ ಬಿಡದಂತೆ ನೀಟಾಗಿ ರೊಟ್ಟಿ ಸುತ್ತಿ ಅವನ ತೊಡೆಯ ಮೇಲಿಟ್ಟಳು. "ಮೀಟಿಂಗಿನಾಗ ಊಟಕ್ಕ ತಡಾ ಮಾಡ್ತಾರ. ಮೊದಲ ಇದನ್ನ ತಿಂದು ಒಳಗ ಹೋಗು," ಎಂದಳು.

ರೋಣದ ಸ್ಟ್ಯಾಂಡಿನಲ್ಲಿ ನಾಲ್ಕು ಜನ ಚೆಂಡುಹೂವಿನ ಮಾಲೆ ಹಿಡಿದು ಕಾಯುತ್ತಿದ್ದರು. ಉಡಚಪ್ಪ ಇಳಿದ. ಬಸ್ಸು ಎರಡು ನಿಮಿಷವೂ ನಿಲ್ಲದೆ ಹೊಳೆಆಲೂರಿನ ಕಡೆ ಹೊರಟುಹೋಯಿತು. ಕಿಟಕಿಯಲ್ಲಿ ಅಕ್ಕ ಕಂಡಳೋ ಇಲ್ಲವೋ, ಧೂಳಿನಲ್ಲಿ ತಿಳಿಯಲಿಲ್ಲ. ಕೊರಳಿಗೆ ಮಾಲೆ ಬಿತ್ತು. "ಭಾಷಣ ಚಲೋ ಬರಕೊಂಡು ಬಂದೀರೇನ್ರಿ?" ಎಂದು ಒಬ್ಬರು ನಗುತ್ತ ಕೇಳಿದರು.

ಉಡಚಪ್ಪ ಎರಡೂ ಕೈಯಲ್ಲಿ ರೊಟ್ಟಿಯ ಪೊಟ್ಟಣ ಹಿಡಿದು ನಿಂತಿದ್ದ. ಎಣ್ಣೆ ಹೊರಗಿನ ಹಾಳೆಗೂ ಇಳಿದು ಮಾಸ್ತರರ ಅಕ್ಷರಗಳ ಮೇಲೆ ಹರಡತೊಡಗಿತ್ತು.